ಮಳೆ ಬಂದರೆ ಚೇಂಬರ್ ಉಕ್ಕುತ್ತೆ, ಮೋರಿಗೆ ಬಿಡಿ ಅಂತಾರೆ. ಬಿಡಬಹುದಾ?

ಮೂರನೇ ಕ್ರಾಸ್ ಮನೆ:
ಎಲ್ಲರಿಗೂ ನಮಸ್ಕಾರ. ನಮ್ಮದು ಬೆಂಗಳೂರು ದಕ್ಷಿಣದಲ್ಲಿ 30-40 ಸೈಟಿನ ಮನೆ. ಎಂಬತ್ತರ ದಶಕದಲ್ಲಿ ಮಾವನವರು ಕಟ್ಟಿಸಿದ್ದು, ಆಮೇಲೆ ಮೇಲೊಂದು ಮಹಡಿ ಏರಿಸಿದ್ದೇವೆ. ಜೋರು ಮಳೆ ಬಂದಾಗೆಲ್ಲ ಗೇಟಿನ ಹತ್ತಿರದ ಸ್ಯಾನಿಟರಿ ಚೇಂಬರ್ ಉಕ್ಕುತ್ತದೆ. ಕೆಳಗಿನ ಬಚ್ಚಲಿಗೂ ಗಲೀಜು ನೀರು ವಾಪಸ್ ಬರುತ್ತದೆ. ಬೇಸಿಗೆಯಲ್ಲಿ ಯಾವ ತೊಂದರೆಯೂ ಇಲ್ಲ.

ಪ್ಲಂಬರ್ ಬಂದು ನೋಡಿದರು. "ಚೇಂಬರ್‌ನಿಂದ ಒಂದು ಪೈಪ್ ಎಳೆದು ರಸ್ತೆ ಮೋರಿಗೆ ಬಿಟ್ಟುಬಿಡೋಣ ಮೇಡಂ. ಉಕ್ಕಿದ್ದೆಲ್ಲ ಅಲ್ಲಿ ಹೋಗುತ್ತೆ. ಈ ರಸ್ತೇಲಿ ಎಲ್ಲರೂ ಹಂಗೇ ಮಾಡಿರೋದು" ಅಂದರು. ಖರ್ಚೂ ಕಡಿಮೆ. ಆದರೆ ನನಗೆ ಮನಸ್ಸು ಒಪ್ಪುತ್ತಿಲ್ಲ. ಇನ್ನೊಂದು ಭಯವೂ ಇದೆ. ನಮ್ಮ ಸಂಪು ಈ ಚೇಂಬರ್‌ಗೆ ತೀರಾ ಹತ್ತಿರ. ತಿಳಿದವರು ಹೇಳಿ.

ಗಾಂಧಿಬಜಾರ್ ಗಿರಾಕಿ:
ಬಿಟ್ಟುಬಿಡಿ ಮೇಡಂ. ಇಡೀ ಊರೇ ಬಿಟ್ಟಿದೆ. ನೀವೊಬ್ಬರು ಬಿಡದೇ ಇದ್ದರೆ ವೃಷಭಾವತಿ ನದಿ ತಿಳಿಯಾಗುತ್ತಾ?

ಹಳೇ ಇಂಜಿನಿಯರ್:
ದಯವಿಟ್ಟು ಬಿಡಬೇಡಿ. ಒಳಚರಂಡಿ ಕೆಲಸದಲ್ಲೇ ತಲೆ ಬೆಳ್ಳಗಾದವನು ನಾನು, ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಬೆಂಗಳೂರಿನಲ್ಲಿ ಎರಡು ಬೇರೆ ಬೇರೆ ವ್ಯವಸ್ಥೆ ಇವೆ. ಕಕ್ಕಸು, ಬಚ್ಚಲು, ಅಡುಗೆಮನೆ ನೀರು ಸ್ಯಾನಿಟರಿ ಲೈನ್‌ಗೆ ಹೋಗಬೇಕು. ಅದು ಜಲಮಂಡಳಿಯದು, ಕೊನೆಗೆ ಶುದ್ಧೀಕರಣ ಘಟಕ ಸೇರುತ್ತದೆ. ಮಳೆ ನೀರು ರಸ್ತೆ ಮೋರಿಗೆ, ಅಲ್ಲಿಂದ ರಾಜಕಾಲುವೆಗೆ ಹೋಗಬೇಕು. ಅದು ಪಾಲಿಕೆಯದು. ರಾಜಕಾಲುವೆ ನೀರು ನೇರ ಕೆರೆಗೆ ಹೋಗುವಂಥದ್ದು, ಮಧ್ಯೆ ತೊಳೆದು ಬಿಡುವವರು ಯಾರೂ ಇಲ್ಲ ಅಂತಲೇ ಲೆಕ್ಕ. ನಿಮ್ಮ ಪ್ಲಂಬರ್ ಹೇಳಿದ ಪೈಪು ಹಾಕಿದರೆ ಕಕ್ಕಸಿನ ನೀರು ಕೆರೆಗೆ ಹೋಗುತ್ತದೆ. 1974ರ ಜಲ ಮಾಲಿನ್ಯ ಕಾಯ್ದೆ ಪ್ರಕಾರವೂ ಅದು ತಪ್ಪು.

ಈಗ ನಿಮ್ಮ ಮನೆಯ ಪ್ರಶ್ನೆ. ಬೇಸಿಗೆಯಲ್ಲಿ ಉಕ್ಕುವುದಿಲ್ಲ, ಮಳೆಯಲ್ಲಿ ಮಾತ್ರ ಉಕ್ಕುತ್ತದೆ ಅಂದಿರಿ. ಹಾಗಾದರೆ ಲೈನ್ ಪೂರ್ತಿ ಕಟ್ಟಿಕೊಂಡಿಲ್ಲ. ಮಳೆ ನೀರು ಎಲ್ಲಿಂದಲೋ ಸ್ಯಾನಿಟರಿ ಲೈನ್‌ಗೆ ಸೇರುತ್ತಿದೆ. ನಿಮ್ಮ ಮನೆಯಿಂದಲೇ ಸೇರುತ್ತಿರಬಹುದು, ಬೀದಿಯವರೆಲ್ಲ ಸೇರಿಸಿರಲೂಬಹುದು.

ಒಂದು ಲೆಕ್ಕ ನೋಡಿ. ನಿಮ್ಮ ತಾರಸಿ ಹೆಚ್ಚು ಕಡಿಮೆ 1,200 ಚದರ ಅಡಿ ಅಂದುಕೊಳ್ಳೋಣ. ಒಂದು ಗಂಟೆಯಲ್ಲಿ 30 ಮಿಲಿಮೀಟರ್ ಮಳೆ ಬಂದರೆ ಅದೊಂದರಿಂದಲೇ 3,000 ಲೀಟರ್‌ಗಿಂತ ಜಾಸ್ತಿ ನೀರು ಇಳಿಯುತ್ತದೆ. ಐದು ಜನರ ಮನೆಗೆ ತಲೆಗೆ ದಿನಕ್ಕೆ 135 ಲೀಟರ್ ಅಂತ ಹಿಡಿದು, ಅದರಲ್ಲಿ ನೂರಕ್ಕೆ 80 ಪಾಲು ಕೊಳಚೆಯಾಗಿ ಹೊರಬರುತ್ತೆ ಅಂದರೆ 540 ಲೀಟರ್. ಅಂದರೆ ಐದಾರು ದಿನದಲ್ಲಿ ಹೋಗಬೇಕಾದ ನೀರನ್ನು ಆ ಪೈಪು ಒಂದೇ ಗಂಟೆಯಲ್ಲಿ ಹೊರಬೇಕು. ಹೊರುವುದಿಲ್ಲ. ಅದಕ್ಕೇ ಮ್ಯಾನ್‌ಹೋಲ್ ಮುಚ್ಚಳ ಎದ್ದು ಕುಣಿಯುವುದು. ಉಕ್ಕಿದ್ದು ಮೋರಿಗೆ, ಮೋರಿಯದು ಕೆರೆಗೆ. ಹಾಗಾಗಿ ಮಳೆ ನೀರನ್ನು ಸ್ಯಾನಿಟರಿಗೆ ಬಿಡುವುದು, ಸ್ಯಾನಿಟರಿ ನೀರನ್ನು ಮೋರಿಗೆ ಬಿಡುವುದು ಎರಡೂ ಕೊನೆಗೆ ಒಂದೇ.

ಮೊದಲು ನಿಮ್ಮ ತಾರಸಿ ಪೈಪು ಎಲ್ಲಿಗೆ ಹೋಗುತ್ತದೆ ನೋಡಿ. ಒಂದು ಬಕೆಟ್ ನೀರಿಗೆ ರಂಗೋಲಿ ಬಣ್ಣವೋ ಕುಂಕುಮವೋ ಧಾರಾಳವಾಗಿ ಕಲಸಿ ತಾರಸಿಯ ತೂತಿಗೆ ಸುರಿಯಿರಿ. ಕೆಳಗೆ ಒಬ್ಬರು ಚೇಂಬರ್ ಮುಚ್ಚಳ ತೆಗೆದು ನೋಡುತ್ತಿರಲಿ. ಬಣ್ಣ ಅಲ್ಲಿ ಕಂಡರೆ ಕಳ್ಳ ಸಿಕ್ಕಿದ ಹಾಗೆ. ಹೀಗೇ ಒಂದೊಂದು ಪೈಪಿಗೂ ಮಾಡಿ.

ಮೇಸ್ತ್ರಿ ಮಗ:
ಇಂಜಿನಿಯರ್ ಸರ್ ಹೇಳಿದ್ದು ಸರಿ. ನಾನು ಪ್ಲಂಬಿಂಗ್ ಕಂಟ್ರಾಕ್ಟ್ ಮಾಡುವವನು. ಹಳೇ ಮನೆಗಳಲ್ಲಿ ತಾರಸಿ ಪೈಪು ಸ್ಯಾನಿಟರಿ ಚೇಂಬರ್‌ಗೇ ಬಿಟ್ಟಿರುತ್ತಾರೆ. ಹತ್ತಿರ ಇತ್ತು, ಪೈಪು ಉಳೀತು, ಅಷ್ಟೇ ಕಾರಣ.

ಅದರ ಉಲ್ಟಾ ಕೇಸು ಈಗ ಜಾಸ್ತಿ ನೋಡುತ್ತಿದ್ದೇನೆ. ತಾರಸಿ ಮೇಲೆ ಶೀಟ್ ಹಾಕಿ ವಾಷಿಂಗ್ ಮೆಷಿನ್ ಇಡುತ್ತಾರೆ. ಅದರ ನೀರಿಗೆ ಬೇರೆ ಪೈಪು ಯಾರು ಇಳಿಸುತ್ತಾರೆ? ಪಕ್ಕದಲ್ಲೇ ಮಳೆ ನೀರಿನ ಪೈಪು ಇರುತ್ತೆ, ಅದಕ್ಕೇ ಸಿಕ್ಕಿಸುತ್ತಾರೆ. ಸೋಪಿನ ನೀರೆಲ್ಲ ಮೋರಿಗೆ. ಬಾಲ್ಕನಿಯಲ್ಲಿ ಪಾತ್ರೆ ತೊಳೆಯುವ ಸಿಂಕ್ ಇಟ್ಟವರದ್ದೂ ಇದೇ ಕಥೆ. ಮೇಡಂ, ನಿಮ್ಮ ಮೇಲಿನ ಮನೆಯವರ ಮೆಷಿನ್ ಎಲ್ಲಿದೆ ನೋಡಿ.

ವರ್ತೂರು ಕೋಡಿ:
ಆ ಸೋಪಿನ ನೀರು ಎಲ್ಲಿ ಹೋಗುತ್ತೆ ಅಂತ ನಮ್ಮನ್ನು ಕೇಳಿ. ಕೋಡಿ ಹತ್ತಿರ ನೀರು ಧುಮುಕುವ ಜಾಗದಲ್ಲಿ ನೊರೆ ಎದ್ದು, ಗಾಳಿ ಬಂದಾಗ ರಸ್ತೆಗೆ ಹಾರಿ ಬೈಕಿನವರ ಮುಖಕ್ಕೆ ಹೊಡೆಯುತ್ತಿತ್ತು. ನೊರೆ ರಸ್ತೆಗೆ ಬರದ ಹಾಗೆ ಬಲೆ ಕಟ್ಟಿದ್ದರು, ನೆನಪಿದೆಯಾ? ಮೇಲಿನ ಬೆಳ್ಳಂದೂರು ಕೆರೆಗಂತೂ 2015ರಲ್ಲಿ, ಮತ್ತೆ 2017ರಲ್ಲಿ, 2018ರಲ್ಲಿ ಬೆಂಕಿಯೇ ಬಿತ್ತು. ಕೆರೆಗೆ ಬೆಂಕಿ! ನಮ್ಮ ಅಜ್ಜ ಇದೇ ನೀರಲ್ಲಿ ಭತ್ತ ಬೆಳೆದವರು.

ನಾಡಿದ್ದು ಗಾಂಧಿಬಜಾರ್ ಸರ್ ಈ ಕಡೆ ಬಂದರೆ ಕೆರೆ ಏರಿ ಮೇಲೆ ಟೀ ಕೊಡಿಸುತ್ತೇನೆ. ಮೂಗು ಮುಚ್ಚದೆ ಕುಡಿಯಬೇಕು.

ಗಾಂಧಿಬಜಾರ್ ಗಿರಾಕಿ:
ಬೇಜಾರು ಮಾಡಿಕೊಳ್ಳಬೇಡಿ. ನಾನು ಹೇಳಿದ್ದು ಬೇರೆ. ದೊಡ್ಡ ದೊಡ್ಡ ಅಪಾರ್ಟ್‌ಮೆಂಟು, ಫ್ಯಾಕ್ಟರಿ ಬಿಡುವುದರ ಮುಂದೆ ಒಂದು ಮನೆಯ ಸೋಪಿನ ನೀರು ಎಷ್ಟು? ಬೈಯುವುದಾದರೆ ಅವರನ್ನು ಬೈಯಿರಿ. ಮಧ್ಯಮ ವರ್ಗದವರ ತಲೆಗೇ ಯಾಕೆ ಕಟ್ಟುತ್ತೀರಿ?

ಹಳೇ ಇಂಜಿನಿಯರ್:
ಫ್ಯಾಕ್ಟರಿಯವರನ್ನು ಬೈಯೋಣ, ನನ್ನ ಅಡ್ಡಿ ಇಲ್ಲ. ಪೀಣ್ಯ ಕಡೆಯಿಂದ ವೃಷಭಾವತಿಗೆ ಬಂದದ್ದೇನು ಅಂತ ಎಲ್ಲರಿಗೂ ಗೊತ್ತು. ಆದರೆ ಬೆಳ್ಳಂದೂರಿಗೆ ಬಂದಿದ್ದರಲ್ಲಿ ದೊಡ್ಡ ಪಾಲು ಮನೆಗಳ ಕೊಳಚೆಯೇ. ನೊರೆ ಬರುವುದು ಸೋಪಿನ ಅಂಶದಿಂದ. ಅದು ಕೆರೆ ತಳದ ಹೂಳಿನಲ್ಲಿ ಅಂಟಿಕೊಂಡು ಕೂತಿರುತ್ತದೆ, ಮಳೆ ಬಂದು ಹೂಳು ಕಲಕಿದಾಗ ಮೇಲೇಳುತ್ತದೆ. ಅದಕ್ಕೇ ಮೊದಲ ದೊಡ್ಡ ಮಳೆಗೆ ನೊರೆ ಜಾಸ್ತಿ.

ನೀರು ಎಲ್ಲಿಗೆ ಹೋಗುತ್ತೆ ಅನ್ನುವುದನ್ನೂ ಹೇಳಿಬಿಡುತ್ತೇನೆ. ಊರಿನ ನೆತ್ತಿ ಮೇಲಿದ್ದೇವೆ ನಾವು, ನೀರು ಎರಡು ಕಡೆಗೆ ಇಳಿಯುತ್ತದೆ. ಬಸವನಗುಡಿ, ರಾಜಾಜಿನಗರ ಕಡೆಯದು ವೃಷಭಾವತಿ ಹಿಡಿದು ಬಿಡದಿ ಹತ್ತಿರದ ಬೈರಮಂಗಲ ಕೆರೆ, ಅರ್ಕಾವತಿ, ಕೊನೆಗೆ ಸಂಗಮದಲ್ಲಿ ಕಾವೇರಿ ಸೇರುತ್ತದೆ. ಕೋರಮಂಗಲ ಕಡೆಯದು ಬೆಳ್ಳಂದೂರು, ವರ್ತೂರು ದಾಟಿ ದಕ್ಷಿಣ ಪಿನಾಕಿನಿಗೆ. ಗಡಿ ದಾಟಿ ಹೊಸೂರಿನ ಕೆಲವರಪಳ್ಳಿ ಅಣೆಕಟ್ಟಿನಲ್ಲೂ ನೊರೆ ಬಂದಿದೆ.

ಕೋಲಾರದ ಕೆಂಪುಮಣ್ಣು:
ನಮ್ಮನ್ನು ಮರೆತಿರಿ ಸರ್. ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯಲ್ಲಿ 2018ರಿಂದ ನಿಮ್ಮ ಸಂಸ್ಕರಿಸಿದ ನೀರು ನಮ್ಮ ಕೆರೆಗಳಿಗೆ ಬರುತ್ತಿದೆ. ಮೊದಲು ಬಂದದ್ದು ಲಕ್ಷ್ಮೀಸಾಗರ ಕೆರೆಗೆ. ಬೋರ್‌ವೆಲ್‌ಗಳಲ್ಲಿ ನೀರು ಬಂತು, ಅದು ನಿಜ. ಆದರೆ ಘಟಕದಲ್ಲಿ ತೆಗೆಯುವುದು ಮುಖ್ಯವಾಗಿ ಸಾವಯವ ಗಲೀಜು. ನೀವು ಸಿಂಕಿಗೆ ಸುರಿಯುವ ಪೇಂಟು, ತಿನ್ನರ್, ಅವಧಿ ಮುಗಿದ ಮಾತ್ರೆ ಎಲ್ಲವನ್ನೂ ಅದು ತೆಗೆಯುತ್ತೆ ಅಂತ ನಂಬಬೇಡಿ. ಅದನ್ನು ದಯವಿಟ್ಟು ಸುರಿಯಬೇಡಿ.

ಸಾರು ಹುಳಿ:
ಅಡುಗೆಮನೆ ಕಡೆಯ ಮಾತು ನಾನು ಹೇಳುತ್ತೇನೆ. ನಮ್ಮ ಮನೆಯಲ್ಲಿ ಸಿಂಕ್ ಪೈಪ್ ಬಿಚ್ಚಿದಾಗ ಒಳಗೆ ಮೇಣದಂಥ ಬಿಳಿ ಪದರ ಇತ್ತು. ಎಣ್ಣೆ, ತುಪ್ಪ, ಕೆನೆ. ಬಿಸಿ ಇದ್ದಾಗ ಜಾರಿ ಹೋಗುತ್ತೆ, ಪೈಪಿನಲ್ಲಿ ತಣ್ಣಗಾಗಿ ಕೂರುತ್ತೆ. ಅದರ ಮೇಲೆ ಕಾಫಿ ಗಸಿ, ಅಕ್ಕಿ ನುಚ್ಚು, ಕಾಯಿ ತುರಿ ಹಿಡಿದುಕೊಂಡರೆ ಮುಗೀತು. ಕಾಯಿ ನಾರಿನಿಂದ ಪಾತ್ರೆ ಉಜ್ಜುವವರು ನಾರು ಪೈಪಿಗೆ ಹೋಗದ ಹಾಗೆ ನೋಡಿಕೊಳ್ಳಿ. ನಾರು ಒಂದು ಸಲ ಅಡ್ಡ ನಿಂತರೆ ಜಿಡ್ಡೆಲ್ಲ ಅದಕ್ಕೇ ಸುತ್ತಿಕೊಳ್ಳುತ್ತೆ.

ಈಗ ಬಾಣಲೆ, ತುಪ್ಪದ ಪಾತ್ರೆ ತೊಳೆಯುವ ಮುಂಚೆ ಹಳೇ ಪೇಪರಿನಲ್ಲಿ ಒರೆಸುತ್ತೇವೆ. ಕರಿದ ಎಣ್ಣೆ ಉಳಿದರೆ ಬಾಟಲಿಯಲ್ಲಿ ಕೂಡಿಡುತ್ತೇವೆ. ದೋಸೆ ಹಿಟ್ಟಿನ ಪಾತ್ರೆಯ ಮೊದಲ ನೀರು ಗಿಡಕ್ಕೆ. ಸಿಂಕಿಗೆ ಜಾಲರಿ. ಇಷ್ಟೇ. ಕುದಿಯುವ ನೀರು ಸುರಿದರೆ ಜಿಡ್ಡು ಕರಗುತ್ತೆ ಅಂತಾರಲ್ಲ, ಅದು ಇಲ್ಲಿ ಕರಗಿ ಮುಂದೆ ಹೋಗಿ ಮತ್ತೆ ಗಟ್ಟಿಯಾಗುತ್ತೆ ಅಷ್ಟೇ. ಪಿವಿಸಿ ಪೈಪಿಗೂ ಒಳ್ಳೆಯದಲ್ಲ.

ಥೇಮ್ಸ್ ದಂಡೆ ಕನ್ನಡಿಗ:
ಸಾರು ಹುಳಿ ಅಕ್ಕ ಹೇಳಿದ್ದು ಇಲ್ಲಿ ದೊಡ್ಡ ಸುದ್ದಿಯೇ ಆಗಿತ್ತು. 2017ರಲ್ಲಿ ಲಂಡನ್‌ನ ವೈಟ್‌ಚಾಪೆಲ್‌ನಲ್ಲಿ ರಸ್ತೆ ಕೆಳಗಿನ ಚರಂಡಿಯಲ್ಲಿ ಜಿಡ್ಡು ಮತ್ತು ವೆಟ್ ವೈಪ್ಸ್ ಸೇರಿ ಗಟ್ಟಿಯಾಗಿ 250 ಮೀಟರ್ ಉದ್ದ, 130 ಟನ್ ತೂಕದ ಗಡ್ಡೆ ಸಿಕ್ಕಿತು. ತೆಗೆಯಲು ವಾರಗಟ್ಟಲೆ ಹಿಡಿಯಿತು. ಪ್ಯಾಕೆಟ್ ಮೇಲೆ "ಫ್ಲಶ್ ಮಾಡಬಹುದು" ಅಂತ ಬರೆದಿದ್ದರೂ ವೈಪ್ಸ್ ಕಾಗದದ ಹಾಗೆ ನೀರಲ್ಲಿ ಬಿಡಿಸಿಕೊಳ್ಳುವುದಿಲ್ಲ. ಈಗ ಬೆಂಗಳೂರಲ್ಲೂ ಎಲ್ಲರ ಮನೆಯಲ್ಲಿ ಮಗುವಿಗೆ ವೈಪ್ಸ್ ಬಂದಿದೆ, ಅದಕ್ಕೇ ಹೇಳಿದೆ.

ಮೇಸ್ತ್ರಿ ಮಗ:
ವೈಪ್ಸ್, ಪ್ಯಾಡು, ಡೈಪರು, ಕಾಂಡೋಮು. ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ, ಯಾಕೆಂದರೆ ತೆಗೆಯುವವರು ನಮ್ಮ ಹುಡುಗರು. ಪೇಪರಿನಲ್ಲಿ ಸುತ್ತಿ ಕೆಂಪು ಗುರುತು ಹಾಕಿ ಕಸದ ಗಾಡಿಗೆ ಬೇರೆ ಕೊಡಿ.

ಮೂರನೇ ಕ್ರಾಸ್ ಮನೆ:
ಬಣ್ಣದ ಪರೀಕ್ಷೆ ಮಾಡಿದೆವು! ತಾರಸಿಯಲ್ಲಿ ಎರಡು ಪೈಪು ಇವೆ. ಹಿಂದಿನದ್ದು ಸರಿಯಾಗಿ ಮೋರಿಗೆ ಹೋಗುತ್ತಿದೆ. ಮುಂದಿನದ್ದರ ಬಣ್ಣ ನೇರ ಸ್ಯಾನಿಟರಿ ಚೇಂಬರ್‌ನಲ್ಲಿ ಕಂಡಿತು. ಮೇಲಿನ ಬಾಡಿಗೆಯವರ ವಾಷಿಂಗ್ ಮೆಷಿನ್ ನೀರು ಹಿಂದಿನ ಪೈಪಿಗೆ ಸೇರಿಸಿದ್ದಾರೆ. ಅಂದರೆ ಎರಡೂ ತಪ್ಪು ನಮ್ಮ ಮನೆಯಲ್ಲೇ ಇವೆ. ಅತ್ತೆ ಅಂತೂ "ನಲವತ್ತು ವರ್ಷದಿಂದ ಇದೇ ಮನೇಲಿದ್ದೀನಿ, ಯಾವ ಪೈಪು ಎಲ್ಲಿಗೆ ಹೋಗುತ್ತೆ ಅಂತ ಇವತ್ತು ಗೊತ್ತಾಯ್ತು" ಅಂತ ನಗುತ್ತಿದ್ದರು.

ಈಗ ಏನು ಮಾಡಲಿ? ಸಂಪಿನ ಬಗ್ಗೆಯೂ ಹೇಳಿ.

ಹಳೇ ಇಂಜಿನಿಯರ್:
ಬಹಳ ಒಳ್ಳೆಯದು. ಮುಂದಿನ ತಾರಸಿ ಪೈಪನ್ನು ಚೇಂಬರ್‌ನಿಂದ ಬಿಡಿಸಿ, ಆ ತೂತನ್ನು ಸಿಮೆಂಟಿನಿಂದ ಭದ್ರವಾಗಿ ಮುಚ್ಚಿಸಿ. ಆ ನೀರನ್ನು ಫಿಲ್ಟರ್ ಮೂಲಕ ಸಂಪಿಗೋ ಇಂಗುಬಾವಿಗೋ ಬಿಡಿ, ಹೆಚ್ಚಾದದ್ದು ಮಾತ್ರ ಮೋರಿಗೆ. ಜಯನಗರ 5ನೇ ಬ್ಲಾಕಿನಲ್ಲಿ ಮಳೆ ನೀರು ಕೊಯ್ಲಿನ ಥೀಮ್ ಪಾರ್ಕ್ ಇದೆ, ಮಾದರಿಗಳನ್ನು ಕಣ್ಣಾರೆ ನೋಡಬಹುದು. ವಾಷಿಂಗ್ ಮೆಷಿನ್‌ಗೆ ಬೇರೆ ಪೈಪು ಇಳಿಸಿ ಸ್ಯಾನಿಟರಿಗೆ ಸೇರಿಸಿ. ಸೇರುವ ಮುಂಚೆ ಟ್ರ್ಯಾಪ್, ಅಂದರೆ ಸ್ವಲ್ಪ ನೀರು ನಿಂತು ವಾಸನೆ ತಡೆಯುವ ಬಾಗು, ಇರಲಿ. ಇಲ್ಲದಿದ್ದರೆ ವಾಸನೆ, ಜಿರಳೆ ಎರಡೂ ಮೇಲೆ ಬರುತ್ತವೆ.

ಸಂಪಿನದು ಗಂಭೀರ. 30-40 ಸೈಟುಗಳಲ್ಲಿ ಕಾವೇರಿ ಕನೆಕ್ಷನ್ನೂ ಮುಂದೆ, ಸ್ಯಾನಿಟರಿಯೂ ಮುಂದೆ. ಹಾಗಾಗಿ ಸಂಪು, ಚೇಂಬರ್ ಅಕ್ಕಪಕ್ಕ ಬಂದುಬಿಡುತ್ತವೆ. ಎಂಬತ್ತರ ದಶಕದ ಮನೆ ಅಂದರೆ ಪೈಪು ಎಸ್‌ಡಬ್ಲ್ಯೂ, ಅಂದರೆ ಸುಟ್ಟ ಮಣ್ಣಿನದು ಇರಬಹುದು. ಪೈಪು ಗಟ್ಟಿ, ಆದರೆ ಕೀಲುಗಳಲ್ಲಿ ಸಿಮೆಂಟ್ ಗಾರೆ ಬಿರುಕು ಬಿಡುತ್ತದೆ. ನೀರು ಸೋರುವ ಕಡೆ ಬೇರು ಬರುತ್ತದೆ, ಬೇರು ಬಂದ ಮೇಲೆ ಬಿರುಕು ಇನ್ನೂ ದೊಡ್ಡದಾಗುತ್ತದೆ. ಹತ್ತಿರ ಅರಳಿ, ಅತ್ತಿ ಜಾತಿಯ ಮರ ಇದ್ದರಂತೂ ಹೇಳುವುದೇ ಬೇಡ.

ಸೋರುತ್ತಿದೆಯಾ ಅಂತ ನೋಡಲು ಚೇಂಬರ್‌ನ ಹೊರಹೋಗುವ ಬಾಯಿಗೆ ಬಿರಡೆ ಹಾಕಿ. ಮನೆಯಲ್ಲಿ ಯಾರೂ ನೀರು ಬಳಸದ ಹೊತ್ತಲ್ಲಿ ಚೇಂಬರ್‌ಗೆ ಒಳಬರುವ ಪೈಪು ಮುಳುಗುವಷ್ಟು ನೀರು ತುಂಬಿ, ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಗೀಟು ಎಳೆಯಿರಿ. ಅರ್ಧ ಗಂಟೆ ಬಿಟ್ಟು ನೋಡಿ. ಗೋಡೆ ಸ್ವಲ್ಪ ಹೀರುತ್ತದೆ, ಅದು ಸಹಜ. ಕಣ್ಣಿಗೆ ಕಾಣುವಷ್ಟು ಇಳಿದರೆ ಸೋರಿಕೆ ಇದೆ. ಸಂಪಿನ ನೀರನ್ನು ಬ್ಯಾಕ್ಟೀರಿಯಾ ಪರೀಕ್ಷೆಗೂ ಕೊಡಿ. ಎಚ್‌2ಎಸ್ ಬಾಟಲಿ ಅಂತ ಸಿಗುತ್ತದೆ. ನೀರು ತುಂಬಿಸಿ ಬೆಚ್ಚಗೆ ಒಂದೆರಡು ದಿನ ಇಟ್ಟು ಕಪ್ಪಾದರೆ ಆ ನೀರು ಕುಡಿಯಬಾರದು. ಫಲಿತಾಂಶ ಬರುವವರೆಗೆ ಕುದಿಸಿಯೇ ಕುಡಿಯಿರಿ. ಸಂಪಿನ ಬಾಯಿ ನೆಲಮಟ್ಟಕ್ಕಿಂತ ಅರ್ಧ ಅಡಿಯಾದರೂ ಎತ್ತರ ಇರಲಿ.

ಮೇಸ್ತ್ರಿ ಮಗ:
ಪೈಪು ಬದಲಾಯಿಸುವುದಾದರೆ ವಾಟ ಸರಿಯಾಗಿ ಕೊಡಿಸಿ. 4 ಇಂಚಿನ ಪೈಪಿಗೆ 60ಕ್ಕೆ 1, ಅಂದರೆ 20 ಅಡಿ ಉದ್ದಕ್ಕೆ 4 ಇಂಚು ಇಳಿಯಬೇಕು. 6 ಇಂಚಿನದಕ್ಕೆ 100ಕ್ಕೆ 1 ಸಾಕು. ಜಾಸ್ತಿ ಇಳಿಜಾರು ಇದ್ದರೆ ಒಳ್ಳೆಯದು ಅಂತ ಕೆಲವರು ಅಂದುಕೊಳ್ಳುತ್ತಾರೆ, ಹಾಗಲ್ಲ. ನೀರು ಮುಂದೆ ಓಡಿಹೋಗಿ ಗಟ್ಟಿ ಹಿಂದೆ ಉಳಿಯುತ್ತೆ. ರಸಮಟ್ಟ ಇಟ್ಟು ನಿಮ್ಮ ಕಣ್ಣೆದುರೇ ನೋಡಿ. ತಿರುವು ಇರುವ ಕಡೆಯೆಲ್ಲ ಚೇಂಬರ್ ಬೇಕು. 90 ಡಿಗ್ರಿ ಎಲ್ಬೋ ಬೇಡ, 45ರದ್ದು ಎರಡು ಹಾಕಿಸಿ. ಟೈಲ್ಸ್ ಹಾಕುವಾಗ ಚೇಂಬರ್ ಮುಚ್ಚಳ ಮುಚ್ಚಿಹಾಕುವ ಖಾಯಿಲೆ ನಮ್ಮಲ್ಲಿದೆ. ಆಮೇಲೆ ಕಟ್ಟಿಕೊಂಡಾಗ ಎಲ್ಲಿ ಒಡೆಯುವುದು?

ವಾಪಸ್ ಬರುವ ನೀರಿಗೆ ನಾನ್ ರಿಟರ್ನ್ ವಾಲ್ವ್ ಹಾಕಿಸಬಹುದು. ಆದರೆ ರಸ್ತೆ ಲೈನ್ ತುಂಬಿ ಅದು ಮುಚ್ಚಿಕೊಂಡಾಗ ನಿಮ್ಮ ಮನೆ ನೀರೂ ಹೊರಗೆ ಹೋಗುವುದಿಲ್ಲ. ಆ ಹೊತ್ತಲ್ಲಿ ನಲ್ಲಿ ಬಿಟ್ಟರೆ ಒಳಗೇ ತುಂಬುತ್ತೆ. ಆಗಾಗ ಬಿಚ್ಚಿ ತೊಳೆಯಲೂಬೇಕು.

ಇನ್ನೊಂದು. ಕಟ್ಟಿಕೊಂಡ ತಕ್ಷಣ ಆ್ಯಸಿಡ್ ಸುರಿಯಬೇಡಿ. ಕೆಳಗೆ ನೀರು ನಿಂತಿದ್ದರೆ ಆ್ಯಸಿಡ್ ಅಲ್ಲೇ ನಿಲ್ಲುತ್ತೆ, ಆಮೇಲೆ ಸ್ಪ್ರಿಂಗ್ ವೈರ್ ಹಾಕುವವನ ಮೈಮೇಲೆ ಸಿಡಿಯುತ್ತೆ. ಬ್ಲೀಚಿಂಗ್ ಜೊತೆ ಬೆರೆತರೆ ವಿಷದ ಗಾಳಿ.

ತೀರ್ಥಹಳ್ಳಿ ಅಡಕೆ:
ನಿಮ್ಮದೆಲ್ಲ ಪೇಟೆ ಕಥೆ. ನಮ್ಮಲ್ಲಿ ಯುಜಿಡಿ, ಅಂದರೆ ಒಳಚರಂಡಿ ಇಲ್ಲ. ಸೆಪ್ಟಿಕ್ ಟ್ಯಾಂಕು, ಇಂಗುಗುಂಡಿ, ಮನೆ ಪಕ್ಕ ಬಾವಿ. ಮಳೆಗಾಲದಲ್ಲಿ ಬಾವಿ ನೀರು ಕೈಗೆ ಸಿಗುವಷ್ಟು ಮೇಲೆ ಬರುತ್ತೆ. ಗುಂಡಿಯಿಂದ ಬಾವಿಗೆ 15 ಮೀಟರ್ ದೂರ ಇರಲಿ ಅಂತಾರೆ, ಅಷ್ಟಿದ್ದರೆ ಸಾಕಾ? ಟ್ಯಾಂಕು ಕಟ್ಟಿದ ಮೇಲೆ ಒಮ್ಮೆಯೂ ಬಾಯಿ ತೆಗೆದಿಲ್ಲ. ತೊಂದರೆಯೂ ಬಂದಿಲ್ಲ.

ಹಳೇ ಇಂಜಿನಿಯರ್:
ತೊಂದರೆ ಬಂದಿಲ್ಲ ಅಂದರೆ ಗಲೀಜು ಟ್ಯಾಂಕಿನಲ್ಲಿ ನಿಲ್ಲದೆ ಇಂಗುಗುಂಡಿಗೆ ಹೋಗುತ್ತಿದೆ ಅಂತಲೂ ಇರಬಹುದು. ಟ್ಯಾಂಕಿನ ಕೆಲಸ ಗಟ್ಟಿಯನ್ನು ತಳದಲ್ಲಿ ಕೂರಿಸಿ ನೀರು ಮಾತ್ರ ಮುಂದೆ ಬಿಡುವುದು. ತಳದ ಹೂಳು, ಮೇಲಿನ ಕೆನೆ ಸೇರಿ ಆಳದ ಮೂರನೇ ಒಂದು ಭಾಗ ಆದಾಗ ಖಾಲಿ ಮಾಡಿಸಬೇಕು. ಸಾಮಾನ್ಯವಾಗಿ ಎರಡು ಮೂರು ವರ್ಷಕ್ಕೊಮ್ಮೆ. ಉದ್ದ ಕೋಲಿಗೆ ಬಿಳಿ ಬಟ್ಟೆ ಸುತ್ತಿ ತಳದವರೆಗೆ ಇಳಿಸಿ ತೆಗೆದರೆ ಕಪ್ಪು ಎಲ್ಲಿಯವರೆಗೆ ಬಂದಿದೆ ಗೊತ್ತಾಗುತ್ತದೆ. ಹತ್ತಿರ ಬೀಡಿ, ಬೆಂಕಿ ಬೇಡ.

ದೂರದ ಲೆಕ್ಕ ಮಣ್ಣಿನ ಮೇಲೆ. ಜಂಬಿಟ್ಟಿಗೆ ಕಲ್ಲಿನ ನೆಲದಲ್ಲಿ ಸಂದುಗಳಿದ್ದರೆ 15 ಮೀಟರನ್ನೂ ನಂಬುವ ಹಾಗಿಲ್ಲ. ಬಾವಿ ಮೇಲ್ಗಡೆ, ಗುಂಡಿ ಇಳಿಜಾರಿನ ಕೆಳಗಡೆ ಇರಲಿ. ಇಂಗುಗುಂಡಿಯ ತಳ ಮಳೆಗಾಲದ ನೀರಿನ ಮಟ್ಟದಲ್ಲಿ ಮುಳುಗಬಾರದು. ಮಳೆಗಾಲದ ಮಧ್ಯದಲ್ಲೇ ಬಾವಿ ನೀರು ಪರೀಕ್ಷೆ ಮಾಡಿಸಿ, ಬೇಸಿಗೆಯಲ್ಲಿ ಮಾಡಿಸಿ ಪ್ರಯೋಜನ ಕಡಿಮೆ.

ಒಂದು ವಿಷಯ ಎಲ್ಲರಿಗೂ. ಟ್ಯಾಂಕಿಗಾಗಲಿ ಮ್ಯಾನ್‌ಹೋಲಿಗಾಗಲಿ ಯಾರನ್ನೂ ಇಳಿಸಬೇಡಿ. "ಐದು ನಿಮಿಷ ಸಾರ್, ಇಳಿದು ತೆಗೆದುಬಿಡ್ತೀನಿ" ಅಂತ ಅವರೇ ಹೇಳಿದರೂ ಬೇಡ. ಹೈಡ್ರೋಜನ್ ಸಲ್ಫೈಡ್ ಮೊದಲು ಕೊಳೆತ ಮೊಟ್ಟೆ ವಾಸನೆ ಬರುತ್ತದೆ. ಜಾಸ್ತಿಯಾದಾಗ ಮೂಗಿಗೇ ವಾಸನೆ ತಿಳಿಯುವುದು ನಿಂತುಹೋಗುತ್ತದೆ. ವಾಸನೆ ಹೋಯಿತು ಅಂತ ಇಳಿದವರು ಹತ್ತಿ ಬಂದಿಲ್ಲ. ಅವರನ್ನು ಎತ್ತಲು ಇಳಿದವರೂ ಬಂದಿಲ್ಲ. 2013ರ ಮಲ ಹೊರುವ ಪದ್ಧತಿ ನಿಷೇಧ ಕಾಯ್ದೆ ಪ್ರಕಾರ ರಕ್ಷಣಾ ಸಲಕರಣೆ ಇಲ್ಲದೆ ಹೀಗೆ ಇಳಿಸುವುದು ಅಪರಾಧ. ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು, 2 ಲಕ್ಷದವರೆಗೆ ದಂಡ, ಅಥವಾ ಎರಡೂ. ಸತ್ತರೆ ಕುಟುಂಬಕ್ಕೆ 30 ಲಕ್ಷ ಪರಿಹಾರ ಕೊಡಬೇಕು ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಟ್ಯಾಂಕಿಗೆ ಸಕ್ಕಿಂಗ್ ಗಾಡಿ, ರಸ್ತೆ ಲೈನಿಗೆ ಜೆಟ್ಟಿಂಗ್ ಯಂತ್ರ. ಬೆಂಗಳೂರಲ್ಲಿ ಜಲಮಂಡಳಿಯ 1916ಕ್ಕೆ ಕರೆ ಮಾಡಿ.

ಗಾಂಧಿಬಜಾರ್ ಗಿರಾಕಿ:
ಸಕ್ಕಿಂಗ್ ಗಾಡಿಯವರು ಅದನ್ನು ಎಲ್ಲಿ ಸುರಿಯುತ್ತಾರೆ? ಅದನ್ನೂ ರಾಜಕಾಲುವೆಗೇ ಬಿಟ್ಟರೆ ತೀರ್ಥಹಳ್ಳಿಯವರು ಮಾಡಿದ್ದೆಲ್ಲ ದಂಡ ಅಲ್ವಾ? ಇದು ಜಗಳಕ್ಕೆ ಕೇಳುತ್ತಿರುವುದಲ್ಲ.

ಹಳೇ ಇಂಜಿನಿಯರ್:
ಇದು ಸರಿಯಾದ ಪ್ರಶ್ನೆ. ಗಾಡಿಯವರನ್ನು ಗೊತ್ತು ಮಾಡುವಾಗಲೇ ಕೇಳಿ, ರಸೀದಿಯಲ್ಲಿ ಬರೆಸಿಕೊಳ್ಳಿ. ಟ್ಯಾಂಕಿನ ಹೂಳು ಸಂಸ್ಕರಿಸಲೆಂದೇ ದೇವನಹಳ್ಳಿಯಲ್ಲಿ 2015ರಲ್ಲಿ ಘಟಕ ಶುರುವಾಯಿತು, ದೇಶದಲ್ಲೇ ಮೊದಲ ಸಾಲಿನದು. ನಿಮ್ಮ ಊರಿನ ಹತ್ತಿರ ಅಂಥದ್ದು ಇದೆಯಾ ಅಂತ ಪಟ್ಟಣ ಪಂಚಾಯಿತಿಯಲ್ಲಿ ಕೇಳಿ. ಇಲ್ಲ ಅಂದರೆ ಯಾಕಿಲ್ಲ ಅಂತ ಗ್ರಾಮಸಭೆ, ವಾರ್ಡ್ ಸಭೆಯಲ್ಲಿ ಕೇಳಿ. ಗಿರಾಕಿಯವರೇ, ಬೈಯುವ ಶಕ್ತಿ ನಿಮಗಿದೆ, ಅಲ್ಲಿ ಉಪಯೋಗಿಸಿ.

ಗಾಂಧಿಬಜಾರ್ ಗಿರಾಕಿ:
ಆಯ್ತು ಸರ್. ನಮ್ಮ ತಾರಸಿಗೂ ಭಾನುವಾರ ಕುಂಕುಮದ ನೀರು ಸುರಿದು ನೋಡುತ್ತೇನೆ. ಮನೆಯವಳು ಏನಂತಾಳೋ.

ಮೂರನೇ ಕ್ರಾಸ್ ಮನೆ:
ತಾರಸಿ ಪೈಪು, ಮೆಷಿನ್ ಪೈಪು ಎರಡನ್ನೂ ಈ ವಾರವೇ ಬದಲಾಯಿಸುತ್ತೇವೆ. ಚೇಂಬರ್‌ನಲ್ಲಿ ನೀರು ಗೀಟಿಗಿಂತ ಚೆನ್ನಾಗಿಯೇ ಇಳಿಯಿತು, ಹಾಗಾಗಿ ಸಂಪಿನ ಕಡೆಯ ಪೈಪೂ ಹೋಗುತ್ತೆ. ಬಾಟಲಿ ಪರೀಕ್ಷೆ ಇಟ್ಟಿದ್ದೇವೆ. ಬೀದಿಯ ನಾಲ್ಕು ಮನೆಯವರು ತಾವೂ ಬಣ್ಣ ಹಾಕಿ ನೋಡುತ್ತೇವೆ ಅಂದಿದ್ದಾರೆ. ಒಬ್ಬರು ಮಾತ್ರ "ನಮ್ಮ ಮನೆ ಉಕ್ಕಲ್ಲ ಬಿಡಿ" ಅಂದರು. ಅವರದು ಎತ್ತರದ ಮನೆ. ಅವರ ನೀರೇ ನಮ್ಮಲ್ಲಿ ಉಕ್ಕುತ್ತಿದ್ದರೆ ಏನು ಮಾಡುವುದು?

ಮೇಸ್ತ್ರಿ ಮಗ:
ಮೊದಲು ನಿಮ್ಮದು ಸರಿ ಮಾಡಿ. ಆಮೇಲೂ ಉಕ್ಕಿದರೆ ಮಳೆ ಹೊತ್ತಲ್ಲಿ ರಸ್ತೆ ಮ್ಯಾನ್‌ಹೋಲಿನದ್ದೂ ನಿಮ್ಮ ಚೇಂಬರ್‌ದೂ ವಿಡಿಯೋ ತೆಗೆದು ದೂರು ಕೊಡಿ. ಜಲಮಂಡಳಿಯವರು ಪರಿಶೀಲನೆಗೆ ಬಂದಾಗ ಬಣ್ಣದ ಪರೀಕ್ಷೆ ಅವರ ಎದುರೇ ಮಾಡಿಸಿ. ಮಳೆ ಪೈಪು ಸ್ಯಾನಿಟರಿಗೆ ಬಿಟ್ಟವರಿಗೆ ನೋಟಿಸ್ ಕೊಡುವ ಅಧಿಕಾರ ಅವರಿಗಿದೆ. ನೀವೇ ಹೋಗಿ ಜಗಳ ಆಡಬೇಡಿ, ಅದೇ ಬೀದೀಲಿ ಇರಬೇಕಲ್ಲ.

ಹಾಂ, ಮಣ್ಣು ಮುಚ್ಚುವ ಮುಂಚೆ ಪೈಪಿನ ಪಕ್ಕ ಟೇಪು ಇಟ್ಟು ಫೋಟೋ ತೆಗೆಯಿರಿ. ಗೋಡೆಯಿಂದ ಎಷ್ಟು ಅಡಿ, ಎಷ್ಟು ಆಳ ಅಂತ ಕಾಣಬೇಕು. ಮುಂದೆ ಗೇಟು, ಬೋರು, ಗಿಡ ಅಂತ ಯಾರಾದರೂ ಅಗೆದರೆ ಬೇಕಾಗುತ್ತೆ.

ಮೂರನೇ ಕ್ರಾಸ್ ಮನೆ:
ಸರಿ. ಶನಿವಾರ ಕೆಲಸ ಶುರು. ಸಂಪಿನ ಬಾಟಲಿ ಏನಾಯಿತು ಅಂತ ಇಲ್ಲೇ ಹಾಕುತ್ತೇನೆ.